ಭಯವನ್ನು ಬೇಗ ಬಿಡದ ಮೆದುಳು

ದೀಪಾವಳಿ ಬಂತೆಂದರೆ ಬಸವೇಶ್ವರನಗರದ ಬೀದಿನಾಯಿಗಳಿಗೆ ಕಷ್ಟಕಾಲ. ಮೊದಲ ಪಟಾಕಿ ಸಿಡಿಯುತ್ತಲೇ ಅವು ನಿಂತ ಕಾರುಗಳ ಅಡಿಗೆ ನುಸುಳುತ್ತವೆ. ಎದೆಬಡಿತ ಏರುತ್ತದೆ, ಹಸಿವು ಅಡಗುತ್ತದೆ. ಇದು ಹೇಡಿತನವಲ್ಲ, ಬದುಕಿ ಉಳಿಯಲು ದೇಹ ಮಾಡಿಕೊಳ್ಳುವ ಸಿದ್ಧತೆ. ಈ ಸಿದ್ಧತೆಗೆ ಅಪ್ಪಣೆ ಕೊಡುವವರು ಯಾರು? ಉತ್ತರ ಹುಡುಕಲು ವಿಜ್ಞಾನಿಗಳಿಗೆ ಹಲವು ದಶಕಗಳೇ ಬೇಕಾದವು. ಆ ಕಥೆಯ ಮುಖ್ಯ ಅಧ್ಯಾಯವೊಂದು ನಮ್ಮ ಬೆಂಗಳೂರಿನಲ್ಲೇ ನಡೆದಿದೆ.

1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹಾನ್ಸ್ ಸೆಲ್ಯೆ ಒಂದು ವಿಚಿತ್ರವನ್ನು ವರದಿ ಮಾಡಿದರು. ಇಲಿಗಳನ್ನು ಚಳಿಗೆ ಒಡ್ಡಲಿ, ಗಾಯಗೊಳಿಸಲಿ, ದಣಿಸಲಿ, ಪರಿಣಾಮ ಒಂದೇ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಹಿಗ್ಗುತ್ತಿತ್ತು, ಜಠರದಲ್ಲಿ ಹುಣ್ಣಾಗುತ್ತಿತ್ತು. ಈ ಗ್ರಂಥಿಗೆ ಮೂಲ ಆಜ್ಞೆ ಎಲ್ಲಿಂದ ಬರುತ್ತದೆ ಎಂಬುದು 1981ರಲ್ಲಿ ಸ್ಪಷ್ಟವಾಯಿತು. ಅಮೆರಿಕದ ವೈಲಿ ವೇಲ್ ಅವರ ತಂಡ ಕುರಿಗಳ ಮೆದುಳಿನಿಂದ 41 ಅಮೈನೋ ಆಮ್ಲಗಳ ಪುಟ್ಟ ಸರಪಳಿಯೊಂದನ್ನು ಬೇರ್ಪಡಿಸಿತು. ಸಿಆರ್‌ಎಫ್ ಎಂಬ ಈ ರಾಸಾಯನಿಕ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಪಿಟ್ಯುಟರಿ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸುತ್ತದೆ.

ಮರುವರ್ಷವೇ ಜರ್ಮನಿಯಲ್ಲಿ ಹಂದಿಗಳ ಮೆದುಳಿನಿಂದ ಬಿಡಿಎನ್‌ಎಫ್ ಎಂಬ ಪ್ರೋಟೀನು ಸಿಕ್ಕಿತು. ಗಿಡಕ್ಕೆ ಗೊಬ್ಬರವಿದ್ದಂತೆ ನರಕೋಶಗಳಿಗೆ ಇದು. ಅವನ್ನು ಉಳಿಸಿ ಬೆಳೆಸುತ್ತದೆ.

ಬೆಂಗಳೂರಿನ ಅಧ್ಯಾಯ ಶುರುವಾಗುವುದು ಇಲ್ಲಿಂದ ಮುಂದೆ. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು, ನಿಮ್ಹಾನ್ಸ್‌ನ ಸಂಶೋಧಕರೊಡನೆ ಸೇರಿ, ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟರು. 2002ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದಾಗಿತ್ತು. ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್ ಭಾಗದಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲದಲ್ಲಿ ಅವು ಚಿಗುರಿದ್ದವು! ಒಂದೇ ಒತ್ತಡ, ಒಂದೇ ತಲೆ, ಎರಡು ವಿರುದ್ಧ ಪರಿಣಾಮ.

ಕಾರಣದ ಸುಳಿವು 2012ರಲ್ಲಿ ಸಿಕ್ಕಿತು. ಇದೇ ಪ್ರಯೋಗಶಾಲೆ ಬಿಡಿಎನ್‌ಎಫ್ ಪ್ರಮಾಣವನ್ನು ಅಳೆದಾಗ, ಒತ್ತಡಕ್ಕೆ ಸಿಕ್ಕ ಇಲಿಗಳ ಹಿಪ್ಪೋಕ್ಯಾಂಪಸ್‌ನಲ್ಲಿ ಅದು ಇಳಿದಿತ್ತು, ಅಮಿಗ್ಡಲದಲ್ಲಿ ಏರಿತ್ತು. 21 ದಿನ ನೆಮ್ಮದಿಯಿಂದ ಬಿಟ್ಟ ಮೇಲೆ ಮೊದಲನೆಯದು ಸರಿಹೋಯಿತು. ಎರಡನೆಯದು ಇಳಿಯಲಿಲ್ಲ.

ಕಾಡಿನ ಪ್ರಾಣಿಗೆ ಇದರಿಂದ ಲಾಭವೇ ಇರಬಹುದು. ಹುಲಿ ಎರಗಿದ ನೀರಿನ ಹೊಂಡವನ್ನು ಮೂರು ವಾರದಲ್ಲಿ ಮರೆತ ಜಿಂಕೆ ಹೆಚ್ಚು ದಿನ ಬಾಳದು. ಆದರೆ ಅಪಾಯ ಕಳೆದ ಮೇಲೂ ಕಾವಲು ಇಳಿಯದಿದ್ದರೆ ರಕ್ಷಣೆಯೇ ಹೊರೆಯಾಗುತ್ತದೆ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಹಾಗೆಹಾಗೇ ಅನ್ವಯಿಸದು, ನಿಜ. ಆದರೂ ಅಪಘಾತದಿಂದಲೋ ಮನೆಯ ಹಿಂಸೆಯಿಂದಲೋ ಪಾರಾಗಿ ಬಂದವರಿಗೆ ‘ಆದದ್ದು ಆಯಿತು, ಮರೆತುಬಿಡು’ ಎಂದು ನಾವು ಸುಲಭವಾಗಿ ಹೇಳುತ್ತೇವಲ್ಲ, ಹಾಗೆ ಹೇಳುವ ಮುನ್ನ ಈ ಇಲಿಗಳನ್ನು ನೆನೆಯುವುದು ಒಳ್ಳೆಯದು. ಮರೆಯದಿರುವುದು ಅವರ ಹಟವಲ್ಲ. ಅವರನ್ನು ಕಾಯಲು ಹೊರಟ ಮೆದುಳಿನ ಕೆಲಸವೂ ಇರಬಹುದು.