ಕೂಲಿಮಠವೂ ಮನೆಯ ಪಾಠವೂ: ವೇದಾವತೀ ತೀರದ ಎಳೆಯರ ವಿದ್ಯಾಭ್ಯಾಸ

ವಾಣೀವಿಲಾಸ ಸಾಗರವನ್ನು ಬಿಟ್ಟು ಮುಂದೆ ಹರಿಯುವ ವೇದಾವತೀ ನದಿಯು ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಸೀಮೆಯನ್ನು ಹಾದು ಆಂಧ್ರದೇಶವನ್ನು ಪ್ರವೇಶಿಸಿ, ಬಳ್ಳಾರಿಯ ಬಯಲಿನಲ್ಲಿ ಹಗರಿಯೆಂಬ ಹೆಸರನ್ನು ಪಡೆಯುತ್ತದೆ. ಪರಶುರಾಂಪುರ ಹೋಬಳಿಯ ಗಡಿಯಾಚೆ ಇರುವುದು ಕಲ್ಯಾಣದುರ್ಗ, ರಾಯದುರ್ಗಗಳ ಪ್ರಾಂತ. ಇಲ್ಲಿ ಮಳೆ ಕಡಿಮೆ. ಶೇಂಗಾ ಬೆಳೆ, ಕುರಿಸಾಕಣೆ, ಕಂಬಳಿಯ ನೇಯ್ಗೆ ಇವುಗಳಿಂದ ಜನರ ಜೀವನ ಸಾಗುತ್ತದೆ. ಒಳಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಬಳಸುವ ಮಕ್ಕಳು ಈ ಗಡಿಯಲ್ಲಿ ಅಪೂರ್ವವಲ್ಲ. ಇಂತಹ ಪ್ರದೇಶದಲ್ಲಿ ಶಾಲೆಯ ಎಳೆಯ ಮಕ್ಕಳು ಮನೆಯಲ್ಲಿ ಕುಳಿತು ಏನನ್ನು ಕಲಿಯುತ್ತಿದ್ದರು, ಯಾರಿಂದ ಕಲಿಯುತ್ತಿದ್ದರು, ಆ ಕಲಿಕೆ ಏಕೆ ಕುಗ್ಗಿತು ಎಂಬುದು ವಿಚಾರಾರ್ಹವಾದ ವಿಷಯ. ನಮ್ಮ ವಿದ್ಯಾಭ್ಯಾಸದ ಚರಿತ್ರೆಗಳು ಬಹುಮಟ್ಟಿಗೆ ಶಾಲೆಗಳನ್ನು ಎಣಿಸಿವೆ. ಮನೆಯನ್ನು ಎಣಿಕೆಗೆ ತಂದುಕೊಂಡುದು ವಿರಳ.

೧

ಈ ಸೀಮೆಯ ಹಳೆಯ ವಿದ್ಯಾಭ್ಯಾಸವನ್ನು ತಿಳಿಯಲು ದೊರೆಯುವ ಉತ್ತಮವಾದ ಸಾಧನವು ನದಿಯ ಕೆಳಗಣ ಪ್ರಾಂತಕ್ಕೆ ಸಂಬಂಧಪಟ್ಟುದು. ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ತನ್ನ ಅಧೀನದ ಜಿಲ್ಲೆಗಳಲ್ಲೆಲ್ಲ ದೇಶೀಯ ಪಾಠಶಾಲೆಗಳ ಲೆಕ್ಕವನ್ನು ಕೇಳಿದನು. ಬಳ್ಳಾರಿಯ ಕಲೆಕ್ಟರಾದ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟ್ ತಿಂಗಳಲ್ಲಿ ತನ್ನ ವರದಿಯನ್ನು ಕಳುಹಿಸಿದನು. ಈತನು ತೆಲುಗಿಗೆ ವ್ಯಾಕರಣವನ್ನು ಬರೆದು ೧೮೧೬ರಲ್ಲಿ ಪ್ರಕಟಿಸಿದ್ದವನಾದುದರಿಂದ, ದೇಶಭಾಷೆಗಳ ವಿಷಯದಲ್ಲಿ ಇವನ ಮಾತಿಗೆ ತೂಕವುಂಟು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರದ ಸೀಮೆಯೂ ಸೇರಿದ್ದಿತು. ಅನಂತಪುರವು ಬೇರೆ ಜಿಲ್ಲೆಯಾದುದು ೧೮೮೨ರಲ್ಲಿ. ಪರಶುರಾಂಪುರವು ಮೈಸೂರು ಸಂಸ್ಥಾನಕ್ಕೆ ಸೇರಿದ್ದರೂ, ಅದರ ನೆರೆಹೊರೆಯ ನಾಡು ಕ್ಯಾಂಪ್‌ಬೆಲ್ಲನ ಎಣಿಕೆಯ ಒಳಗಿದ್ದಿತು.

ಆ ವರದಿಯ ಪ್ರಕಾರ ಜಿಲ್ಲೆಯ ೯,೨೭,೮೫೭ ಜನರಿಗೆ ೫೩೩ ಪಾಠಶಾಲೆಗಳು, ೬,೬೪೧ ವಿದ್ಯಾರ್ಥಿಗಳು. ಪಾಠಶಾಲೆಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಸಂಸ್ಕೃತದವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ೧. ಕನ್ನಡ ತೆಲುಗುಗಳ ಸಂಖ್ಯೆಗಳು ಹೀಗೆ ಸರಿಸುಮಾರಾಗಿ ಹೊಂದಿಕೊಂಡಿರುವುದು ಈ ಗಡಿಯ ದ್ವಿಭಾಷಾ ಸ್ವಭಾವಕ್ಕೆ ಸಾಕ್ಷಿ. ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ೬೦ ಮಂದಿ ಮಾತ್ರ.

ಈ ಅಂಕಿಗಳು ಪದೇ ಪದೇ ಚರ್ಚೆಗೆ ಬಂದಿವೆ. ೧೯೩೧ರಲ್ಲಿ ಗಾಂಧೀಜಿಯವರು ಲಂಡನ್ನಿನಲ್ಲಿ ದೇಶೀಯ ವಿದ್ಯಾಭ್ಯಾಸದ ಕ್ಷಯವನ್ನು ಕುರಿತು ಆಡಿದ ಮಾತಿನಿಂದ ಸರ್ ಫಿಲಿಪ್ ಹಾರ್ಟಾಗನೊಡನೆ ದೀರ್ಘವಾದ ವಾದ ಬೆಳೆಯಿತು; ಧರ್ಮಪಾಲರು ೧೯೮೩ರಲ್ಲಿ ಮನ್ರೋವಿನ ಕಾಲದ ಕಾಗದಪತ್ರಗಳನ್ನು ಸಂಗ್ರಹಿಸಿ ಅಚ್ಚುಮಾಡಿಸಿದರು. ಆದರೆ ವಾದವು ಶಾಲೆಗಳ ಸಂಖ್ಯೆಯ ಸುತ್ತಲೇ ನಡೆಯಿತು. ಮನ್ರೋ ೧೮೨೬ರ ಮಾರ್ಚಿಯಲ್ಲಿ ಬರೆದ ಟಿಪ್ಪಣಿಯಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಿದ್ದಾನೆ. ಮದರಾಸು ಪಟ್ಟಣದಲ್ಲಿ ಮನೆಯಲ್ಲಿಯೇ ಕಲಿಯುವವರ ಸಂಖ್ಯೆ ೨೬,೯೦೩ ಎಂದು ಲೆಕ್ಕ ಬಂದಿದ್ದಿತು. ಅದು ಶಾಲೆಗೆ ಹೋಗುವವರ ಸುಮಾರು ಐದರಷ್ಟು. ಈ ಅಂಕಿಯಲ್ಲಿ ತಪ್ಪಿರಬಹುದೆಂದು ಮನ್ರೋವಿಗೇ ಸಂದೇಹವಿದ್ದಿತು. ಆದರೂ ಬಂಧುಗಳಿಂದಲೋ ಖಾಸಗಿ ಉಪಾಧ್ಯಾಯರಿಂದಲೋ ಹುಡುಗರು ಮನೆಯಲ್ಲಿ ಕಲಿಯುವ ಪದ್ಧತಿ ನಾಡಿನಲ್ಲೆಲ್ಲ ಉಂಟೆಂದೂ, ಜಿಲ್ಲೆಗಳಿಂದ ಅದರ ಲೆಕ್ಕ ಬಂದಿಲ್ಲವೆಂದೂ ಆತನು ಒಪ್ಪಿಕೊಂಡನು. ಅಂದಮೇಲೆ ಬಳ್ಳಾರಿಯ ೬,೬೪೧ ಎಂಬುದು ಮಠದ ಬಾಗಿಲನ್ನು ದಾಟಿದ ಮಕ್ಕಳ ಸಂಖ್ಯೆಯೇ ಹೊರತು ಅಕ್ಷರ ಕಲಿತ ಮಕ್ಕಳೆಲ್ಲರ ಸಂಖ್ಯೆಯಲ್ಲ.

೨

ಕ್ಯಾಂಪ್‌ಬೆಲ್ಲನ ವರದಿಯನ್ನು ಈ ದೃಷ್ಟಿಯಿಂದ ಓದಿದರೆ ಕೂಲಿಮಠಕ್ಕೂ ಮನೆಗೂ ಇದ್ದ ಬಳಕೆ ಸ್ಪಷ್ಟವಾಗುತ್ತದೆ. ಮಗುವಿಗೆ ಐದು ವರ್ಷವಾದಾಗ ಉಪಾಧ್ಯಾಯನನ್ನೂ ಅವನ ಶಿಷ್ಯರನ್ನೂ ತಂದೆತಾಯಿಗಳು ಮನೆಗೆ ಕರೆಯುತ್ತಿದ್ದರು. ಎಲ್ಲರೂ ಗಣಪತಿಯ ಮೂರ್ತಿಯ ಸುತ್ತ ಕುಳಿತು ಪೂಜೆಯಾದ ಮೇಲೆ, ಉಪಾಧ್ಯಾಯನು ಮಗುವಿನ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ಬರೆಯಿಸುತ್ತಿದ್ದನು. ಮಗು ಮಠಕ್ಕೆ ಹೋಗುತ್ತಿದ್ದುದು ಮಾರನೆಯ ದಿನ. ಹೀಗೆ ವಿದ್ಯೆಯ ಮೊದಲ ಪಾಠವು ಮನೆಯಲ್ಲಿ, ಮನೆಯವರೆಲ್ಲರ ಎದುರಿನಲ್ಲಿ ನಡೆಯುತ್ತಿದ್ದಿತು.

ಬರವಣಿಗೆಯ ಉಪಕರಣಗಳೂ ಮನೆಯ ಪದಾರ್ಥಗಳೇ. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು. ಅನಂತರ ಹಲಗೆ ಅಥವಾ ಕಡತ. ಹಲಗೆಯು ಒಂದು ಅಡಿ ಅಗಲ, ಮೂರು ಅಡಿ ಉದ್ದದ ನಯವಾದ ಮರ. ಅದಕ್ಕೆ ಅನ್ನವನ್ನೂ ಇದ್ದಲ ಪುಡಿಯನ್ನೂ ಬಳಿದರೆ ಬರೆಯಲು ಸಿದ್ಧ. ಕಡತವು ಗಂಜಿಯಲ್ಲಿ ಬಿಗಿಯಾಗಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಲನ್ನೂ ಅಂಟನ್ನೂ ಸವರಿದ್ದು. ಬಳಪದಿಂದ ಬರೆದು ಒದ್ದೆಯ ಬಟ್ಟೆಯಿಂದ ಒರಸಬಹುದಾಗಿದ್ದಿತು. ಅಕ್ಕಿ, ಗಂಜಿ, ಇದ್ದಲು, ಹಳೆಯ ಬಟ್ಟೆ, ಹೊಳೆಯ ಮರಳು: ಇವುಗಳಲ್ಲಿ ಯಾವುದನ್ನೂ ದೂರದಿಂದ ತರಿಸಬೇಕಾಗಿರಲಿಲ್ಲ. ಮಠದಲ್ಲಿ ಬೆಳಗ್ಗೆ ತಿದ್ದಿದ ಅಕ್ಷರವನ್ನು ಸಂಜೆ ಜಗಲಿಯ ಮೇಲೆ ಮತ್ತೆ ತಿದ್ದಲು ಹಣದ ಅಡ್ಡಿ ಇರಲಿಲ್ಲ. ಮದರಾಸಿನ ಅನಾಥಾಲಯದಲ್ಲಿ ಮರಳಿನ ಬರಹವನ್ನೂ ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಕ್ರಮವನ್ನೂ ಬಳಸಿಕೊಂಡ ಆಂಡ್ರೂ ಬೆಲ್ ೧೭೯೭ರಲ್ಲಿ ಅದನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ ಮೇಲೆ ಆ ಕ್ರಮವು ಇಂಗ್ಲೆಂಡಿನಲ್ಲಿ ಹರಡಿತು. ಕ್ಯಾಂಪ್‌ಬೆಲ್ಲನೂ ಈ ಮಿತವ್ಯಯವನ್ನು ಮೆಚ್ಚಿದ್ದಾನೆ.

ಲೆಕ್ಕದ ಸಂಗತಿಯೂ ಹಾಗೆಯೇ. ದಿನಕ್ಕೆರಡು ಬಾರಿ ಹುಡುಗರು ಸಾಲಾಗಿ ನಿಂತು ಕೂಡಿಸುವ ಲೆಕ್ಕ, ಮಗ್ಗಿ, ಅಳತೆ, ತೂಕಗಳನ್ನು ಒಬ್ಬನು ಹೇಳಿಕೊಟ್ಟಂತೆ ಒಕ್ಕೊರಲಿನಿಂದ ಹೇಳುತ್ತಿದ್ದರು. ಭಿನ್ನಾಂಕಗಳು ಹತ್ತರ ಕ್ರಮದಲ್ಲಿರದೆ ನಾಲ್ಕರ ಕ್ರಮದಲ್ಲಿ ಇಳಿಯುತ್ತಿದ್ದುವು: ಕಾಲು, ಕಾಲಿನ ಕಾಲು ವೀಸ, ವೀಸದ ಕಾಲು ಕಾಣಿ. ಮನೆಯ ಅಳತೆಯೂ ಇದೇ ದಾರಿಯದು. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಮಠದಲ್ಲಿ ಬಾಯಿಪಾಠವಾದುದು ಅಡಿಗೆಯ ಮನೆಯಲ್ಲಿಯೂ ಕಣದಲ್ಲಿಯೂ ಕೈಗೆ ಸಿಕ್ಕುತ್ತಿದ್ದಿತು. ಓದು ಬಾರದ ತಾಯಿಯೂ ಮಗನು ಹೇಳಿದ ಕಾಲುಮುಕ್ಕಾಲುಗಳ ತಪ್ಪನ್ನು ಹಿಡಿಯಬಲ್ಲವಳಾಗಿದ್ದಳು. ಆಕೆ ದಿನವೂ ಅಳೆಯುತ್ತಿದ್ದವಳು.

೩

ಇಷ್ಟರಿಂದ ಹಳೆಯ ಕಾಲವನ್ನು ಕೊಂಡಾಡುವುದು ನ್ಯಾಯವಲ್ಲ. ಹುಡುಗರು ಅಸಂಖ್ಯಾತ ಪದ್ಯಗಳನ್ನು ಗಿಳಿಯಂತೆ ಒಪ್ಪಿಸುವರೆಂದೂ, ಗ್ರಂಥಗಳ ಭಾಷೆ ಆಡುಮಾತಿಗಿಂತ ಬೇರೆಯಾದುದರಿಂದ ಅರ್ಥ ತಿಳಿಯದೆ ಉಳಿಯುವರೆಂದೂ ಕ್ಯಾಂಪ್‌ಬೆಲ್ ಆಕ್ಷೇಪಿಸಿದ್ದಾನೆ. ಮಠಕ್ಕೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಕೈಯಲ್ಲಿ ಸೊನ್ನೆ, ಮೂರನೆಯವನಿಗೆ ಒಂದು ಪೆಟ್ಟು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚಿನ ಪೆಟ್ಟು ಎಂಬ ನಿಯಮವನ್ನೂ ಅವನು ದಾಖಲಿಸಿದ್ದಾನೆ. ಹೆಣ್ಣುಮಕ್ಕಳ ಸಂಖ್ಯೆಯನ್ನು ಮೇಲೆ ನೋಡಿದ್ದಾಗಿದೆ. ಶಾನುಭೋಗನ ಮಗನಿಗೆ ಲೆಕ್ಕಪತ್ರವು ತಂದೆಯ ಮಗ್ಗುಲಿನಲ್ಲಿ ಬರುತ್ತಿದ್ದಿತು. ಕುರಿ ಕಾಯುವವನ ಮಗನಿಗೆ ಅಕ್ಷರವನ್ನು ತೋರಿಸುವವರು ಮನೆಯಲ್ಲಿ ಇರಲಿಲ್ಲ. ಮನೆಯ ಪಾಠವು ಇದ್ದವರಿಗೆ ಇನ್ನಷ್ಟನ್ನು ಕೂಡಿಸಿಕೊಡುವ ಸ್ವಭಾವವುಳ್ಳದ್ದು ಎಂಬುದನ್ನು ಮರೆಯಲಾಗದು.

ಕುಗ್ಗಿದ ಕಾರಣವನ್ನೂ ಅದೇ ವರದಿ ತಿಳಿಸುತ್ತದೆ. ಮೊದಲು ಪಾಠಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಆಗ ಒಂದೂ ಉಳಿದಿರಲಿಲ್ಲ. ದೊಡ್ಡ ಪಾಠಶಾಲೆಗಳಿದ್ದಲ್ಲಿ ಹಣವುಳ್ಳ ಕೆಲವರ ಮಕ್ಕಳು ಮಾತ್ರ ಓದುತ್ತಿದ್ದರು. ನಾಡು ಬಡವಾಗುತ್ತ ಬಂದುದೇ ಇದಕ್ಕೆ ಮುಖ್ಯ ಕಾರಣವೆಂದು ಕಲೆಕ್ಟರನು ತನ್ನ ಸರ್ಕಾರಕ್ಕೇ ಬರೆದನು. ಎಳೆಯ ಕೈಕಾಲುಗಳಿಗೆ ಅಲ್ಪ ಕೆಲಸ ಸಾಧ್ಯವಾದೊಡನೆ ಆ ದುಡಿಮೆ ಮನೆಗೆ ಬೇಕಾಗುತ್ತಿದ್ದಿತು. ಮಗುವಿನ ಸಂಜೆಯನ್ನು ಹೊಲವೂ ಹಟ್ಟಿಯೂ ತೆಗೆದುಕೊಂಡ ಮೇಲೆ ಪಾಠಕ್ಕೆ ಉಳಿಯುವುದು ನಿದ್ದೆಗಣ್ಣು ಮಾತ್ರ.

ಮೈಸೂರಿನ ಕಡೆಯಲ್ಲಿ ವಿದ್ಯಾ ಇಲಾಖೆಯು ೧೮೫೭ರಲ್ಲಿ ಸ್ಥಾಪಿತವಾಯಿತು. ೧೮೬೮ರಲ್ಲಿ ಬಿ. ಎಲ್. ರೈಸ್ ಹೋಬಳಿಗೊಂದು ಸರ್ಕಾರೀ ಪಾಠಶಾಲೆ ಎಂಬ ಯೋಜನೆಯನ್ನು ರೂಪಿಸಿದನು. ಶಾಸನಗಳ ಸಂಗ್ರಹದಿಂದ ವಿದ್ವಾಂಸರಿಗೆ ಪರಿಚಿತನಾದ ಈತನ ಹೆಸರು ಹಳ್ಳಿಯ ಮಕ್ಕಳ ಓದಿಗೂ ಸಂಬಂಧಿಸಿದ್ದು. ೧೯೧೩ರಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಆಯ್ದ ಸ್ಥಳಗಳಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯಮಾಡುವ ಕಾಯಿದೆ ಬಂದಿತು. ಇವುಗಳಿಂದ ಅಕ್ಷರವು ಕೆಲವು ಮನೆತನಗಳ ಸ್ವತ್ತಾಗಿ ಉಳಿಯದೆ ಊರಿನ ಹಕ್ಕಾಗುವ ಮಾರ್ಗ ತೆರೆಯಿತು. ಈ ಲಾಭವು ದೊಡ್ಡದು. ಆದರೆ ಕ್ರಮಕ್ರಮವಾಗಿ ಅಚ್ಚಿನ ಪುಸ್ತಕ, ಸ್ಲೇಟು, ಶಾಯಿ, ಕಾಗದಗಳು ಅಂಗಡಿಯಿಂದ ಬರಬೇಕಾದ ವಸ್ತುಗಳಾದುವು. ೧೯೫೭ರಲ್ಲಿ ನಯಾಪೈಸೆಯೂ ಅದರ ಬೆನ್ನಿಗೇ ಮೆಟ್ರಿಕ್ ಅಳತೆಯೂ ಬಂದಾಗ ಶಾಲೆಯ ಲೆಕ್ಕವು ಹತ್ತರ ದಾರಿಯನ್ನು ಹಿಡಿಯಿತು. ಆಣೆ, ಪಾವುಗಳಲ್ಲಿ ನಿಪುಣರಾದ ಅಜ್ಜಿತಾತಂದಿರು ಮೊಮ್ಮಕ್ಕಳ ಲೆಕ್ಕಕ್ಕೆ ಹೊರಗಿನವರಾದರು. ಬದಲಾವಣೆ ಅವಶ್ಯಕವೇ ಆಗಿದ್ದಿತು. ಅದರಿಂದ ಮನೆಯಲ್ಲಿದ್ದ ಉಪಾಧ್ಯಾಯರು ಕೆಲಸ ಕಳೆದುಕೊಂಡುದನ್ನು ಮಾತ್ರ ಯಾರೂ ಲೆಕ್ಕಕ್ಕಿಡಲಿಲ್ಲ.

೪

ಅಕ್ಷರವಿಲ್ಲದ ಮನೆಯು ವಿದ್ಯೆಯಿಲ್ಲದ ಮನೆಯೇ ಎಂಬ ಪ್ರಶ್ನೆಗೆ ಚಳ್ಳಕೆರೆಯ ಸೀಮೆಯೇ ಉತ್ತರ ಕೊಡುತ್ತದೆ. ಈ ತಾಲ್ಲೂಕಿನ ತಳುಕಿನವರು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು (೧೮೮೫–೧೯೩೯). ವೇದಾವತಿಯ ತೀರದ ಬೆಳಗೆರೆಯವರು ಕವಯಿತ್ರಿ ಜಾನಕಮ್ಮನವರೂ (೧೯೧೨–೧೯೪೮), ಉಪಾಧ್ಯಾಯರೂ ಗಮಕಿಗಳೂ ಆಗಿದ್ದ ಕೃಷ್ಣಶಾಸ್ತ್ರಿಗಳೂ. ಇವರಂತೆ ಗ್ರಂಥದ ನಂಟಿರಲಿ ಇಲ್ಲದಿರಲಿ, ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯು ಅಕ್ಷರವನ್ನರಿಯದೆಯೇ ಕಾಡುಗೊಲ್ಲರ ಕಥನಗೀತೆಗಳ ಮಹಾರಾಶಿಯನ್ನು ಕಂಠದಲ್ಲಿ ಹೊತ್ತಿದ್ದಳು. ಅವಳ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ್ದಾರೆ. ಹಟ್ಟಿಯಲ್ಲಿ ಕೇಳಿ, ಹಿರಿಯರ ದನಿಗೆ ದನಿಗೂಡಿಸಿ, ತಪ್ಪಿದಾಗ ತಿದ್ದಿಸಿಕೊಂಡು ಬಂದ ವಿದ್ಯೆಯಿದು. ನೆನಪು, ಕ್ರಮ, ಶಬ್ದಸಂಪತ್ತು, ಎಣಿಕೆ: ಪ್ರಾಥಮಿಕ ಶಾಲೆಯು ಬಯಸುವ ಶಕ್ತಿಗಳೆಲ್ಲ ಅದರಲ್ಲಿ ಅಡಗಿವೆ. ಶಾಲೆಯು ಅದನ್ನು ವಿದ್ಯೆಯೆಂದು ಒಪ್ಪದುದರಿಂದ ಹಟ್ಟಿಯ ಮಗುವು ಬರಿಗೈಯವನೆಂದು ಭಾವಿಸಲ್ಪಟ್ಟಿತು. ತೆಲುಗು ಮನೆಮಾತಿನ ಮಗುವಿನ ಕಥೆ ಒಗಟುಗಳಿಗೂ ಇದೇ ಗತಿ.

ಈಚಿನ ಕಾಲದ ಘಟನೆಗಳು ಈ ವಿಚಾರವನ್ನು ಮತ್ತೆ ಎದುರಿಗೆ ತಂದಿವೆ. ೧೯೯೩ರಲ್ಲಿ ಯಶಪಾಲ್ ಸಮಿತಿಯು ಪ್ರಾಥಮಿಕ ತರಗತಿಗಳ ಮನೆಗೆಲಸದ ಹೊರೆಯನ್ನು ಇಳಿಸಬೇಕೆಂದು ಹೇಳಿತು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ–ಕಲಿ ಪದ್ಧತಿಯು ಹಾಡು, ಆಟ, ಕಾರ್ಡುಗಳ ಮೂಲಕ ಕಲಿಕೆಯನ್ನು ಮಗುವಿನ ನಡಿಗೆಗೆ ಹೊಂದಿಸಿತು. ೨೦೧೯ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಶಾಲಾಚೀಲದ ತೂಕವನ್ನು ಗೊತ್ತುಮಾಡಿ, ಒಂದು ಎರಡನೆಯ ತರಗತಿಗಳಿಗೆ ಮನೆಗೆಲಸ ಕೊಡಕೂಡದೆಂದು ಆಜ್ಞೆಮಾಡಿತು. ಮರುವರ್ಷವೇ ಸಾಂಕ್ರಾಮಿಕ ವ್ಯಾಧಿಯಿಂದ ಶಾಲೆಗಳು ಮುಚ್ಚಿದುವು. ಮನೆಯ ಪಾಠದ ಹೊರತು ಬೇರೆ ಪಾಠವೇ ಉಳಿಯಲಿಲ್ಲ. ೨೦೨೦ರ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯು ಮಕ್ಕಳನ್ನು ಅಂತರ್ಜಾಲದ ಸೌಲಭ್ಯವುಳ್ಳವರು, ಸಾಧಾರಣ ಮೊಬೈಲು ಮಾತ್ರ ಉಳ್ಳವರು, ಯಾವುದೂ ಇಲ್ಲದವರು ಎಂದು ಮೂರು ಬಗೆಯಾಗಿ ವಿಂಗಡಿಸಿತು. ಉಪಾಧ್ಯಾಯರು ಊರೂರಿಗೆ ಹೋಗಿ ಗುಡಿಯ ಅಂಗಳದಲ್ಲಿಯೂ ಮರದ ನೆರಳಿನಲ್ಲಿಯೂ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಇದ್ದವರಿಗೆ ಕೂಡಿಸಿಕೊಡುವ ಮನೆಯ ಪಾಠದ ಹಳೆಯ ಸ್ವಭಾವವು ಆ ಮೂರು ಬಗೆಗಳಲ್ಲಿ ಮತ್ತೆ ಪ್ರಕಟವಾಯಿತು.

ಇನ್ನೂರು ವರ್ಷಗಳ ಈ ಚರಿತ್ರೆಯಿಂದ ಒಂದು ಸಂಗತಿ ನಿಷ್ಪನ್ನವಾಗುತ್ತದೆ. ಮನೆಯಲ್ಲಿ ಇಲ್ಲದ ವಸ್ತುವನ್ನು ಬೇಡುವ ಪಾಠವು ಬಡವರ ಮಗುವನ್ನು ಹಿಂದೆ ಹಾಕಿದೆ. ಮನೆಯಲ್ಲಿ ಇರುವುದನ್ನು ಬಳಸಿಕೊಂಡ ಪಾಠವು ಎಲ್ಲ ಮಕ್ಕಳಿಗೂ ಸಂದಿದೆ. ಅಕ್ಕಿಯ ಮೇಲಿನ ಅಕ್ಷರ, ಮರಳಿನ ತಿದ್ದಿಕೆ, ಪಾವಿನ ಅಳತೆ ಇವು ಕೂಲಿಮಠದ ಕಾಲದಲ್ಲಿ ಆ ಎರಡನೆಯ ಬಗೆಯವು. ಇಂದು ಪರಶುರಾಂಪುರದ ಮಗುವಿಗೆ ಅಜ್ಜಿಯ ಒಗಟನ್ನು ಕೇಳಿ ಬರೆದು ತರಲು, ಶೇಂಗಾ ಚೀಲಗಳ ತೂಕವನ್ನು ಕೂಡಿಸಲು, ಹಟ್ಟಿಯ ಕುರಿಗಳನ್ನು ಎಣಿಸಿ ಪಾಲು ಮಾಡಲು, ಮನೆಯ ತೆಲುಗು ಮಾತಿಗೆ ಕನ್ನಡದ ಮಾತನ್ನು ಹುಡುಕಲು ಹೇಳಿದರೆ, ಆ ಪಾಠಕ್ಕೆ ಬೇಕಾದ ಉಪಾಧ್ಯಾಯರು ಮನೆಯಲ್ಲಿಯೇ ಇದ್ದಾರೆ. ಅವರಿಗೆ ಓದು ಬರುವುದೇ ಎಂದು ಕೇಳುವ ಅವಶ್ಯಕತೆಯಿಲ್ಲ. ಆದರೆ ಮಗುವಿನ ಸಂಜೆಯು ದುಡಿಮೆಗೆ ಮೀಸಲಾಗಿರುವವರೆಗೆ ಯಾವ ಮನೆಯ ಪಾಠವೂ ಫಲಿಸದು. ಕ್ಯಾಂಪ್‌ಬೆಲ್ ೧೮೨೩ರಲ್ಲಿ ಗುರುತಿಸಿದ ಈ ಕಾರಣವನ್ನು ನಿವಾರಿಸುವುದು ಉಪಾಧ್ಯಾಯರೊಬ್ಬರ ಕೈಯಲ್ಲಿಲ್ಲ. ಅದು ನಾಡಿನ ಹೊಣೆ.