ತಂಗಳೂಟ ಮತ್ತು ಕಾಲಮರ್ಯಾದೆ

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವ ಹಾದಿಯಲ್ಲಿರುವ ಅತ್ತಿಗುಂಡಿ ಮಳೆ, ಮಂಜುಗಳ ಊರು. ಮುಂಗಾರಿನಲ್ಲಿ ಈ ಕಾಫಿ ಗಿರಿಶ್ರೇಣಿಯ ಅಡುಗೆಮನೆಗಳಲ್ಲಿ ಉಪ್ಪು ನೀರೊಡೆಯುತ್ತದೆ, ಹಿಟ್ಟು ಗಂಟುಕಟ್ಟುತ್ತದೆ, ಹಪ್ಪಳಕ್ಕೆ ಬೂಷ್ಟು ಹಿಡಿಯುತ್ತದೆ. ಬೀಸಿದ ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಎಂದು ದಿಗಂಬರ ಸಂಪ್ರದಾಯವು ವಿಧಿಸಿದ ಕಾಲಮರ್ಯಾದೆಯ ಅರ್ಥ ಇಂತಹ ಊರಿನಲ್ಲಿ ತಾನಾಗಿಯೇ ತಿಳಿಯುತ್ತದೆ.

ಈ ಮಲೆನಾಡಿಗೆ ಜೈನಾಚಾರ ಹೊಸದಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿಯು ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು; ಅಲ್ಲಿ ಪ್ರಾಚೀನ ಬಸದಿಗಳಿವೆ. ಕಳಸ-ಕಾರ್ಕಳಗಳನ್ನಾಳಿದ ಭೈರರಸರ ವಂಶದ ವೀರಪಾಂಡ್ಯನು 1432ರಲ್ಲಿ ಕಾರ್ಕಳದ ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಅರಸೊತ್ತಿಗೆಗಳು ಅಳಿದರೂ ಶ್ರಾವಕರ ಅಡುಗೆಮನೆಯ ಪರಂಪರೆ ಉಳಿಯಿತು: ನೀರನ್ನು ಸೋಸುವುದು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದು, ತಂಗಳನ್ನು ವರ್ಜಿಸುವುದು.

ಫಲ ಅಲ್ಪವಾಗಿ ಜೀವಘಾತ ಅಧಿಕವಾಗುವ ಆಹಾರವನ್ನು ತ್ಯಜಿಸಬೇಕೆಂಬುದು ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದ ನಿಲುವು. ರುಚಿ, ವಾಸನೆ ಕೆಟ್ಟ ಪದಾರ್ಥವನ್ನು ‘ಚಲಿತರಸ’ವೆಂದು ಕರೆದು ಅಭಕ್ಷ್ಯಗಳಲ್ಲಿ ಎಣಿಸಲಾಯಿತು. ಬೇಯಿಸಿದ ಅನ್ನ, ಬೇಳೆಗಳಿಗೆ ಎರಡು ಜಾವ, ಅಂದರೆ 6 ಗಂಟೆಗಳ ಮರ್ಯಾದೆ ರೂಢಿಯಲ್ಲಿ ನಿಂತಿತು.

ಮತ್ತೆ ಬಿಸಿ ಮಾಡಿದರೆ ದೋಷ ಕಳೆಯದೇ ಎಂಬ ಪ್ರಶ್ನೆ ಸಹಜ. ವಿಜ್ಞಾನದ ಉತ್ತರವೂ ಎಚ್ಚರಿಕೆಯದೇ. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಅನ್ನ ಬೇಯುವಾಗಲೂ ಉಳಿಯಬಲ್ಲವು. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗಿದ್ದರೆ ಅವು ಮೊಳೆತು ವೃದ್ಧಿಸಿ, ವಾಂತಿ ತರುವ ವಿಷವನ್ನು ಉಂಟುಮಾಡುತ್ತವೆ. ಆ ವಿಷ ಮರುಬಿಸಿಯಿಂದ ನಾಶವಾಗದು. ಅಹಿಂಸೆಯ ದೃಷ್ಟಿಯಲ್ಲಿ ಇನ್ನೊಂದು ದೋಷವಿದೆ: ಹುಟ್ಟಿದ ಜೀವಗಳನ್ನು ಬೆಂಕಿಯಿಂದ ಕೊಂದ ಮಾತ್ರಕ್ಕೆ ಆಹಾರ ಶುದ್ಧವಾಗುವುದಿಲ್ಲ. ವೈದ್ಯನು ಉಣ್ಣುವವನನ್ನು ಕುರಿತು ಚಿಂತಿಸುತ್ತಾನೆ. ಶ್ರಾವಕಾಚಾರವು ಆಹಾರದಲ್ಲಿ ಹುಟ್ಟುವ ಜೀವವನ್ನೂ ಕುರಿತು ಚಿಂತಿಸುತ್ತದೆ. ಕಾರಣಗಳು ಬೇರೆಯಾದರೂ ಅಗತ್ಯಕ್ಕೆ ತಕ್ಕಷ್ಟೇ ಬೇಯಿಸಬೇಕೆಂಬಲ್ಲಿ ಎರಡೂ ಕೂಡುತ್ತವೆ.

ಶೀತಪೆಟ್ಟಿಗೆ ಬಂದ ಮೇಲೆ ಈ ಎಣಿಕೆ ಸಡಿಲಗೊಂಡಿತು. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ, ಪೂರ್ಣವಾಗಿ ನಿಲ್ಲಿಸುವುದಿಲ್ಲ. ಮನೆಯ ಅನ್ನವಾಗಲಿ, ಸಾಗರದಾಚೆ ನೆಲೆಸಿದ ಕುಟುಂಬದ ಮಕ್ಕಳು ಬಯಸುವ ಇಟಲಿಯ ಲಸಾನ್ಯವಾಗಲಿ, ಕಾಲವನ್ನು ಎಣಿಸಬೇಕಾದುದು ಪೆಟ್ಟಿಗೆಯಿಂದ ತೆಗೆದ ಗಳಿಗೆಯಿಂದಲ್ಲ, ಒಲೆಯಿಂದ ಇಳಿಸಿದ ಗಳಿಗೆಯಿಂದ.

ಸಿದ್ಧಾಹಾರದ ಪೊಟ್ಟಣಗಳ ವಿಚಾರ ತುಸು ಭಿನ್ನ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ತುರ್ತು ಪರಿಸ್ಥಿತಿಯ ಕಾಲದಲ್ಲಿ (1975–77) ಸಿದ್ಧ ಮಿಶ್ರಣಗಳ ಮಾರಾಟಕ್ಕೆ ತೊಡಗಿತು. ಮೈಸೂರಿನಲ್ಲಿ 1961ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸೈನಿಕರಿಗಾಗಿ ಬಹುಕಾಲ ಕೆಡದ ಆಹಾರಗಳನ್ನು ರೂಪಿಸಿದೆ. ಅಡುಗೆಯನ್ನು ಪೊಟ್ಟಣದಲ್ಲಿ ಮುಚ್ಚಿ, ಸುಮಾರು 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಕಾಯಿಸುವುದು ಒಂದು ವಿಧಾನ. ತೆರೆದೊಡನೆ ಅದೂ ಸಾಮಾನ್ಯ ಅಡುಗೆಯೇ. ಆದರೆ ಕೆಡದಿರುವುದಕ್ಕೂ ಶ್ರಾವಕರಿಗೆ ಯೋಗ್ಯವಾಗಿರುವುದಕ್ಕೂ ಅಂತರವಿದೆ. ಕಂದಮೂಲಗಳಿವೆಯೇ, ಯಾವ ನೀರು ಬಳಸಿದ್ದಾರೆ ಎಂಬ ಪ್ರಶ್ನೆಗಳು ಉಳಿಯುತ್ತವೆ.

ಅತಿ ಮುಖ್ಯವಾದ ಪ್ರಶ್ನೆ ಬಡಿಸುವವರದು. ಮರ್ಯಾದೆ ಮೀರಿದ ಅನ್ನವನ್ನು ತಾನು ಉಣ್ಣದೆ ತೋಟದ ಆಳಿಗೆ ಕೊಡುವುದು ದಾನವಲ್ಲ. ತನಗೆ ಅಭಕ್ಷ್ಯವಾದುದು ಬಡವನ ಹೊಟ್ಟೆಗೆ ಯೋಗ್ಯವಾಗುವುದು ಹೇಗೆ? ಬಸದಿಯ ಉತ್ಸವಗಳಲ್ಲಿ ಉಳಿದ ಅಡುಗೆಯನ್ನು ಬಿಸಿಯಿರುವಾಗಲೇ, ಮರ್ಯಾದೆಯ ಒಳಗೇ ಹಂಚುವ ಏರ್ಪಾಡನ್ನು ವಿಶ್ವಸ್ತ ಮಂಡಳಿಗಳು ಮುಂಚಿತವಾಗಿ ಮಾಡಿಕೊಳ್ಳಬೇಕು. ಹೆಚ್ಚುವರಿ ಆಹಾರದ ಸುರಕ್ಷಿತ ಹಂಚಿಕೆಗೆ ಭಾರತದಲ್ಲಿ 2019ರಲ್ಲಿ ನಿಯಮಾವಳಿಯೂ ರೂಪುಗೊಂಡಿದೆ. ಅದಕ್ಕೂ ಮೊದಲ ಕರ್ತವ್ಯ ಒಲೆ ಹಚ್ಚುವ ಮುನ್ನವೇ ಇದೆ: ಉಣ್ಣುವವರನ್ನು ಎಣಿಸಿ ಅಕ್ಕಿ ಅಳೆಯುವುದು.