ಜಸ್ಟೀಷಿಯಾದ ಕೆಂಪು: ವಿಕಿರಣದ ನಡುವೆ ಸಾವಯವ ಅಣುಗಳು

ಸಂಯುಕ್ತ ಅರಬ್ ಸಂಸ್ಥಾನದ ಎಂಬಿಆರ್ ಎಕ್ಸ್‌ಪ್ಲೋರರ್ ನೌಕೆಯು 2028ರಲ್ಲಿ ಹೊರಟು, ಆರು ಕ್ಷುದ್ರಗ್ರಹಗಳನ್ನು ಹಾದು, 2034ರಲ್ಲಿ ಏಳನೆಯದಾದ 269 ಜಸ್ಟೀಷಿಯಾವನ್ನು ಸೇರಬೇಕೆಂಬುದು ಯೋಜನೆ. 1887ರಲ್ಲಿ ಯೋಹಾನ್ ಪಲೀಸಾ ವಿಯೆನ್ನಾದಿಂದ ಕಂಡ ಈ ಕಾಯವು ಅಸಾಧಾರಣವಾಗಿ ಕೆಂಪು. ಬಣ್ಣದಲ್ಲಿ ಅದು ತನ್ನ ನೆರೆಯವರಿಗಿಂತ ನೆಪ್ಚೂನ್‌ನಾಚೆಯ ಹಿಮಕಾಯಗಳನ್ನು ಹೋಲುತ್ತದೆ. ಮೇಲ್ಮೈಯಲ್ಲಿರುವ ಜಟಿಲ ಸಾವಯವ ವಸ್ತುವೇ ಇದಕ್ಕೆ ಕಾರಣವಿರಬಹುದೆಂದು 2021ರ ಅಧ್ಯಯನವೊಂದು ಸೂಚಿಸಿತು. ಆದರೆ ಕೋಟ್ಯಂತರ ವರ್ಷಗಳ ವಿಕಿರಣದಲ್ಲಿ ಇಂಥ ವಸ್ತು ಉಳಿಯುವುದಾದರೂ ಹೇಗೆ?

ಲೆಕ್ಕ ಮೇಲ್ನೋಟಕ್ಕೆ ಪ್ರತಿಕೂಲವೇ. ಇಂಗಾಲ ಮತ್ತು ಹೈಡ್ರೋಜನ್ ನಡುವಣ ಬಂಧವನ್ನು ಮುರಿಯಲು 4ರಿಂದ 5 ಎಲೆಕ್ಟ್ರಾನ್ ವೋಲ್ಟ್ ಸಾಕು. ತಾರಾಂತರ ಬಯಲಿನ ಅತಿನೇರಳೆ ಫೋಟಾನ್ 13.6ರವರೆಗೂ ಹೊತ್ತು ತರಬಲ್ಲದು. ಮೀಥೇನ್‌ನಂಥ ಪುಟ್ಟ ಅಣು ಒಂದೇ ಏಟಿಗೆ ಒಡೆಯುತ್ತದೆ. ಬೆಂಜೀನ್ ಉಂಗುರಗಳು ಹೆಣೆದುಕೊಂಡ ದೊಡ್ಡ ಅಣುವಾದರೋ ಆ ಶಕ್ತಿಯನ್ನು ತನ್ನ ನೂರಾರು ಕಂಪನಗಳಿಗೆ ಹಂಚಿಬಿಡುತ್ತದೆ. ಯಾವೊಂದು ಬಂಧದ ಪಾಲಿಗೂ ಮುರಿಯುವಷ್ಟು ಬರುವುದಿಲ್ಲ. ಬಳಿಕ ಅದನ್ನು ಅವಕೆಂಪು ಬೆಳಕಾಗಿ ಹೊರಸೂಸುತ್ತದೆ. ನಕ್ಷತ್ರಗಳ ನಡುವೆ 3.3, 6.2, 7.7, 11.3 ಮೈಕ್ರೊಮೀಟರುಗಳಲ್ಲಿ ಕಾಣುವ ಹೊಳಪು ಇದೇ ಎಂಬುದು ಈಗ ಬಹುತೇಕ ಒಪ್ಪಿತ ಮಾತು.

ಹಾಗಾದರೆ ಸಣ್ಣ ಉಂಗುರದ ಅಣುಗಳು ಅಳಿಯಬೇಕಿತ್ತು. ಆದರೆ 2021ರಲ್ಲಿ ವೃಷಭ ರಾಶಿಯ ಟಿಎಂಸಿ–1 ಎಂಬ ಕತ್ತಲ ಮೋಡದಲ್ಲಿ, ಎರಡೇ ಉಂಗುರಗಳ ಸಯನೊನ್ಯಾಫ್ತಲೀನ್ ನಿರೀಕ್ಷೆಗಿಂತ ಬಹುಪಾಲು ಹೆಚ್ಚಾಗಿ ಪತ್ತೆಯಾಯಿತು. (ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯ ನ್ಯಾಫ್ತಲೀನ್‌ಗೆ ಇದು ಹತ್ತಿರದ ನೆಂಟ.) ಒಗಟಿಗೆ ಉತ್ತರದ ಒಂದು ಭಾಗ 2023ರಲ್ಲಿ ಸ್ಟಾಕ್‌ಹೋಮ್‌ನ ಡಿಸೈರೀ ಪ್ರಯೋಗಾಲಯದಿಂದ ಬಂದಿತು. ಕಂಪನದ ಶಕ್ತಿ ಆಗಾಗ ಎಲೆಕ್ಟ್ರಾನ್‌ಗೆ ಮರಳಿ ಸೇರುತ್ತದೆ. ಎಲೆಕ್ಟ್ರಾನ್ ಒಂದೇ ದೊಡ್ಡ ಫೋಟಾನನ್ನು ಉಗುಳಿ ಅಣುವನ್ನು ಥಟ್ಟನೆ ತಣಿಸುತ್ತದೆ. ಅವಕೆಂಪಿನಲ್ಲಿ ತಣಿಯುವುದಕ್ಕಿಂತ ಇದು ಬಲು ಬೇಗ. ಫ್ರಾನ್ಸಿನ ಆಲೆಂ ಲೆಜೇ ಮತ್ತು ಸಂಗಡಿಗರು 1988ರಲ್ಲೇ ಈ ಬಗೆಯನ್ನು ಊಹಿಸಿದ್ದರು.

ಘನಕಾಯಗಳಲ್ಲಿ ರಕ್ಷಣೆ ಇನ್ನೂ ಸರಳ: ಆಳ. ದುಬೈಯ ನೈಫ್ ಪೇಟೆಯಲ್ಲಿ ಅಂಗಡಿಯ ಹೊರಗೆ ತೂಗುಹಾಕಿದ ಬಟ್ಟೆ ಬಿಸಿಲಿಗೆ ಬಿಳಿಚಿದರೂ ಒಳಮಡಿಕೆಯ ಬಣ್ಣ ಕೆಡುವುದಿಲ್ಲ. ಅತಿನೇರಳೆ ಕಿರಣವೂ ಹಾಗೆಯೇ ತೆಳು ಮೇಲ್ಪದರದಲ್ಲಿ ಮುಗಿಯುತ್ತದೆ. ವಿಶ್ವಕಿರಣಗಳು ಮಾತ್ರ ಮೀಟರಿನಷ್ಟು ಆಳಕ್ಕೆ ಇಳಿಯುತ್ತವೆ. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯೊಳಗೆ ಅಮೈನೊ ಆಮ್ಲಗಳು ಉಳಿದಿದ್ದುದು ಇಂಥ ಮರೆಯಲ್ಲೇ.

ಹೋಲಿಕೆ ಅಲ್ಲಿಗೆ ನಿಲ್ಲಬೇಕು. ಮೀಥೇನ್, ಮೆಥನಾಲ್‌ಗಳಿರುವ ಹಿಮದ ಮೇಲೆ ವಿಕಿರಣ ಬಿದ್ದಾಗ ಹಗುರ ಹೈಡ್ರೋಜನ್ ಪಾರಾಗುತ್ತದೆ. ಉಳಿದ ಇಂಗಾಲ ಒಂದಕ್ಕೊಂದು ಬೆಸೆದು ಕೆಂಪಾಗುತ್ತದೆ, ಇನ್ನೂ ಮುಂದುವರಿದರೆ ಕಪ್ಪಾಗುತ್ತದೆ. ಇಲ್ಲಿ ಉಳಿದದ್ದು ಮೂಲ ಅಣುವಲ್ಲ, ಅದರ ಇಂಗಾಲ. ಇದನ್ನೂ 'ಉಳಿವು' ಎನ್ನುವುದು ಸ್ವಲ್ಪ ಉದಾರವಾದ ಮಾತೇ ಸರಿ. ಜಸ್ಟೀಷಿಯಾದ ಕೆಂಪು ಇಂಥದೇ ಎಂಬುದನ್ನು ತಿಳಿಯಲು ನೌಕೆಯ ಅವಕೆಂಪು ಉಪಕರಣಗಳು ನೆರವಾಗಬೇಕು. ಸಾವಯವ ವಸ್ತುವಿನಲ್ಲಿ 3.4 ಮೈಕ್ರೊಮೀಟರಿನ ಗುರುತು ಸರಪಳಿಯ ಇಂಗಾಲದ್ದು, 3.3ರದು ಉಂಗುರದ್ದು.